ಚಿಪ್ಪು ಬದಲಾದಾಗ

ಗ್ರಾಂಟ್‌ರೋಡ್ ಸ್ಟೇಷನ್ನಿನ ಪೂರ್ವಭಾಗದಲ್ಲಿ ಇಳಿದು ತುಸು ದೂರ ನಡೆದರೆ ಸಿಗುವ ಲ್ಯಾಮಿಂಗ್ಟನ್ ರೋಡನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಡಾ. ದಾದಾಸಾಹೇಬ ಭಡಕಮಕರ ಮಾರ್ಗವೆಂಬುದು ಅದರ ಅಧಿಕೃತ ನಾಮಧೇಯವಾದರೂ ಟ್ಯಾಕ್ಸಿಯವನಿಗೆ ಹಳೆಯ ಹೆಸರನ್ನೇ ಹೇಳಬೇಕಾಗುತ್ತದೆ. ವಿದ್ಯುನ್ಮಾನ ಸಾಮಗ್ರಿಯ ಆ ಪೇಟೆಯಿಂದ ಉಗುರಿನಷ್ಟು ಅಗಲದ ಒಂದು ಚಿಪ್ಪನ್ನು ಕೊಂಡು ತಂದು, ಮೂರು ರಾತ್ರಿ ನಿದ್ದೆಗೆಟ್ಟ ತರುಣನೊಬ್ಬನ ಸಂಗತಿಯನ್ನು ಇಲ್ಲಿ ಹೇಳಬಯಸುತ್ತೇವೆ.

ಆತನು ಹಗಲು ಹೋಟೆಲೊಂದರ ಗಲ್ಲೆಯಲ್ಲಿ ಕುಳಿತು, ಸಂಜೆ ಡಿಪ್ಲೊಮಾ ತರಗತಿಗೆ ಹೋಗುವವನು. ಹಗಲು ದುಡಿದು ರಾತ್ರಿ ಓದುವುದು ಈ ನಗರದ ಕನ್ನಡಿಗರಿಗೆ ಹೊಸತೇನಲ್ಲ. ಅಡಿಗೆಮನೆಯಲ್ಲಿ ದೋಸೆ ಸಿದ್ಧವಾದೊಡನೆ ಗಲ್ಲೆಯ ಬಳಿ ದೀಪವೊಂದು ಮಿನುಗುವಂತೆ ಮಾಡಬೇಕೆಂದು ಆತನು ಬಯಸಿದನು. ಆರ್ಡುಯಿನೊ ಊನೊ ಎಂಬ ಕಲಿಕೆಯ ಫಲಕದ ಮೇಲೆ, ಅಂದರೆ ಎಟಿಮೆಗಾ328ಪಿ ಎಂಬ ಚಿಪ್ಪಿನಲ್ಲಿ, ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಸರಿಯಾಗಿ ನಡೆಯಿತು. ಅಂಗಡಿಯಲ್ಲಿ ಬಿಡಿಯಾಗಿ ಸಿಕ್ಕಿದ್ದು ಮಾತ್ರ ಎಟಿಮೆಗಾ8. ಎರಡೂ ಒಂದೇ ಎಂದು ಅಂಗಡಿಯವನು ಹೇಳಿದನಂತೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಎರಡಕ್ಕೂ 28 ಕಾಲುಗಳು. ಒಂದರ ಜಾಗದಲ್ಲಿ ಇನ್ನೊಂದು ಕುಳಿತುಕೊಳ್ಳುತ್ತದೆ.

ಆದರೆ ಒಂದು ಸೆಕೆಂಡು ಬೆಳಗಬೇಕಾದ ದೀಪವು 16 ಸೆಕೆಂಡು ಬೆಳಗಿತು! ದೀಪ ಆರುವುದರೊಳಗೆ ದೋಸೆ ತಣ್ಣಗಾಯಿತೆಂದು ಮಾಲಿಕರು ನಕ್ಕರು. ಗಲ್ಲೆಯ ಪಕ್ಕದಿಂದ ಆ ಪೆಟ್ಟಿಗೆಯನ್ನು ತೆಗೆದಿಡಲು ಹೇಳಿದರು. ಚಿಪ್ಪೇ ಕೆಟ್ಟದ್ದೆಂದು ತರುಣನು ತಿಳಿದನು.

ಮಾಟುಂಗದಲ್ಲಿ ಹತ್ತು ವರ್ಷ ದುಡಿದ ಭಟ್ಟರು ಡೊಂಬಿವಲಿಯ ಹೋಟೆಲಿಗೆ ಬಂದರೆಂದು ಇಟ್ಟುಕೊಳ್ಳೋಣ. ಸಾಂಬಾರಿನ ವಿದ್ಯೆ ಅವರ ಕೈಯಲ್ಲಿದೆ. ಇಂಗು ಯಾವ ಡಬ್ಬಿಯಲ್ಲಿದೆ, ಒಲೆಯ ಉರಿ ಎಷ್ಟು ಎಂಬುದು ಮಾತ್ರ ಹೊಸ ಅಡಿಗೆಮನೆಯನ್ನು ನೋಡಿಯೇ ತಿಳಿಯಬೇಕು. ಇಲ್ಲಿ ಉರಿಯೇ ಬೇರೆಯಾಗಿತ್ತು. ಊನೊ ಫಲಕವು ಸೆಕೆಂಡಿಗೆ 1 ಕೋಟಿ 60 ಲಕ್ಷ ಮಿಡಿತಗಳಲ್ಲಿ ನಡೆಯುತ್ತದೆ. ಕಾರ್ಖಾನೆಯಿಂದ ಹೊಸದಾಗಿ ಬಂದ ಎಟಿಮೆಗಾ8 ತನ್ನೊಳಗಿನ ಗಡಿಯಾರದಿಂದ 10 ಲಕ್ಷ ಮಿಡಿತಗಳಲ್ಲಿ ಮಾತ್ರ. ಪ್ರೋಗ್ರಾಮಿನ ತಲೆಯಲ್ಲಿ ಬರೆದ ಮಿಡಿತದ ಸಂಖ್ಯೆಯನ್ನು 1000000 ಎಂದು ತಿದ್ದಿದೊಡನೆ ದೀಪವು ಸರಿಯಾದ ಲೆಕ್ಕಕ್ಕೆ ಬಂದಿತು. ಇದರ ಬದಲಾಗಿ ಫ್ಯೂಸ್ ಎಂಬ ಒಳಗಣ ಏರ್ಪಾಡನ್ನು ಬದಲಿಸಿ ಹೊರಗಿನ ಹರಳಿಗೆ ಜೋಡಿಸುವುದೂ ಉಂಟು. ಹರಳನ್ನು ಹಾಕದೆಯೇ ಹಾಗೆ ಮಾಡಿದರೆ ಚಿಪ್ಪು ಮಾತೇ ಆಡದು. ಸತ್ತಿತೆಂದು ಎಸೆಯಬಾರದು, ಹರಳು ಕೊಟ್ಟರೆ ಮತ್ತೆ ಎಚ್ಚರಗೊಳ್ಳುತ್ತದೆ.

ಇನ್ನು ಡಬ್ಬಿಗಳ ವಿಷಯ. ರಿಜಿಸ್ಟರುಗಳೆಂದರೆ ಚಿಪ್ಪಿನ ಹೆಸರು ಬರೆದ ಡಬ್ಬಿಗಳೇ. ಮೊದಲ ಟೈಮರಿಗೆ 328ರಲ್ಲಿ ಟಿಸಿಸಿಆರ್0ಎ, ಟಿಸಿಸಿಆರ್0ಬಿ ಎಂದು ಎರಡು. ಎಟಿಮೆಗಾ8ರಲ್ಲಿ ಟಿಸಿಸಿಆರ್0 ಒಂದೇ. ಹೆಸರು ತಪ್ಪಿದರೆ ಕಂಪೈಲರು ಗದರಿಸುತ್ತದೆ; ಅದು ಉಪಕಾರವೇ ಸರಿ. ಅಪಾಯವಿರುವುದು ಗದರಿಸದೆ ಬಿಟ್ಟಲ್ಲಿ. ಅಕ್ಷರಗಳನ್ನು ತಂತಿಯ ಮೂಲಕ ಕಳಿಸುವ ಭಾಗದಲ್ಲಿ ನಮ್ಮ ತರುಣನು ಯುಸಿಎಸ್‌ಆರ್0ಸಿ ಎಂಬುದರಿಂದ ಸೊನ್ನೆಯನ್ನು ಅಳಿಸಿ ತೃಪ್ತನಾದನು. ಎಟಿಮೆಗಾ8ರಲ್ಲಿ ಯುಸಿಎಸ್‌ಆರ್‌ಸಿಗೂ ವೇಗವನ್ನು ನಿರ್ಣಯಿಸುವ ಯುಬಿಆರ್‌ಆರ್‌ಎಚ್‌ಗೂ ವಿಳಾಸ ಒಂದೇ, ಒಂದೇ ಖೋಲಿಯಲ್ಲಿ ಇಬ್ಬರು ಬಾಡಿಗೆದಾರರಿದ್ದಂತೆ! ಯುಆರ್‌ಎಸ್‌ಇಎಲ್ ಎಂಬ ಬಿಟ್ಟನ್ನು ಸೇರಿಸಿ ಬರೆಯದಿದ್ದರೆ ಒಬ್ಬನ ಕಾಗದ ಇನ್ನೊಬ್ಬನ ಕೈಸೇರಿ ವೇಗವೆಲ್ಲ ಕೆಡುತ್ತದೆ. ಎರಡು ರಾತ್ರಿಗಳು ಇದಕ್ಕೇ ಹೋದವು. ಡೇಟಾಶೀಟಿನ ಆ ಪುಟವನ್ನು ಮೊದಲೇ ಓದಿದ್ದರೆ ಅರ್ಧಗಂಟೆಯ ಕೆಲಸವೆಂದು ಆತನೇ ನಮ್ಮೊಡನೆ ಒಪ್ಪಿಕೊಂಡನು.

ಸ್ಥಳದ ಲೆಕ್ಕವೂ ಇದೆ: 328ರಲ್ಲಿ ಪ್ರೋಗ್ರಾಮಿಗೆ 32 ಕಿಲೋಬೈಟು, ಕೆಲಸದ ಸ್ಮೃತಿಗೆ 2, ಎಟಿಮೆಗಾ8ರಲ್ಲಿ 8 ಮತ್ತು 1. ದೀಪದ ಕೆಲಸಕ್ಕೆ ಅಷ್ಟು ಧಾರಾಳವಾಗಿ ಸಾಕು.

ಪೆಟ್ಟಿಗೆಯು ಈಗ ಮತ್ತೆ ಗಲ್ಲೆಯ ಪಕ್ಕದಲ್ಲಿದೆ. ದೀಪವು ಮೆಲ್ಲನೆ ಹೊತ್ತಿ ಮೆಲ್ಲನೆ ಆರಬೇಕೆಂಬ ಆಸೆ ಮಾತ್ರ ಉಳಿದಿದೆ. ಆತನು ತಂತಿ ಜೋಡಿಸಿರುವುದು 12ನೆಯ ಕಾಲಿಗೆ. 328ರಲ್ಲಿ ಅಲ್ಲಿ ಆ ಸೌಕರ್ಯವಿತ್ತು, ಎಟಿಮೆಗಾ8ರಲ್ಲಿ ಅದು 15, 16, 17ನೆಯ ಕಾಲುಗಳಲ್ಲಿ ಮಾತ್ರ. ಬರುವ ರಜೆಯ ದಿನ ಬೆಸುಗೆ ಬಿಚ್ಚಬೇಕಾಗಿದೆ.