ದೂರ ಹೆಚ್ಚು, ಹೊತ್ತು ಕಡಿಮೆ!

ಬೆಂಗಳೂರಿನಿಂದ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊಗೆ ಹತ್ತಿರದ ದಾರಿ ಯಾವುದು? ಶಾಲೆಯ ಗೋಡೆಯ ಮೇಲಿನ ಭೂಪಟವನ್ನು ಕೇಳಿದರೆ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರವನ್ನೋ ಪೂರ್ವಕ್ಕೆ ಪೆಸಿಫಿಕ್ ಸಾಗರವನ್ನೋ ದಾಟಿ ಹೋಗು ಎನ್ನುತ್ತದೆ. ಮೇಜಿನ ಮೇಲಿನ ಗ್ಲೋಬ್ ಬೇರೆಯೇ ಉತ್ತರ ಕೊಡುತ್ತದೆ. ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಉತ್ತರಕ್ಕೆ ಓರೆಯಾಗಿ ಏರಿ, ಚೀನಾ, ಸೈಬೀರಿಯಗಳನ್ನು ಹಾಯ್ದು, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ. ಭೂಮಿ ಗುಂಡಗಿದೆ, ಭೂಪಟ ಚಪ್ಪಟೆಯಾಗಿದೆ. ವ್ಯತ್ಯಾಸವೆಲ್ಲ ಅಲ್ಲೇ.

ಆದರೆ ವಿಮಾನ ದಾರವನ್ನೇ ಅನುಸರಿಸುವುದಿಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ಕ್ರಮಿಸಿದ ಹಾದಿ ಸುಮಾರು 16,000 ಕಿ.ಮೀ.; ಹಿಡಿದ ಸಮಯ ಸುಮಾರು 17 ಗಂಟೆ.

ಇನ್ನೂ ಸ್ವಾರಸ್ಯಕರ ಉದಾಹರಣೆ ದೆಹಲಿಯದು. ಅಲ್ಲಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಮೇಲಿಂದ ಸುಮಾರು 13,900 ಕಿ.ಮೀ. ಹಾರುತ್ತಿದ್ದ ಏರ್ ಇಂಡಿಯಾ ವಿಮಾನ 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆಗೆ ತಿರುಗಿತು. ಹಾದಿ 15,300 ಕಿ.ಮೀ.ಗೆ ಬೆಳೆಯಿತು, ಪ್ರಯಾಣ ಮಾತ್ರ ಹದಿನಾಲ್ಕೂವರೆ ಗಂಟೆಗೆ, ಅಂದರೆ ಸುಮಾರು ಎರಡು ಗಂಟೆಯಷ್ಟು ಇಳಿಯಿತು!

ಇದು ಗಾಳಿಯ ಕೈವಾಡ. ಆ ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೊಳೆಯ ಸೆಳವಿನೊಡನೆ ಸಾಗುವ ದೋಣಿಯಂತೆ ಪೂರ್ವಕ್ಕೆ ಹೊರಟ ವಿಮಾನಕ್ಕೆ ಬೆನ್ನ ಗಾಳಿ. ಪಶ್ಚಿಮಕ್ಕೆ ಹೊರಟದ್ದಕ್ಕೆ ಎದುರು ಗಾಳಿ. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 100 ಕಿ.ಮೀ. ವೇಗದ ಬೆನ್ನ ಗಾಳಿ ಸಿಕ್ಕರೆ 15,000 ಕಿ.ಮೀ.ಗೆ 15 ಗಂಟೆ ಸಾಕು. ಅಷ್ಟೇ ವೇಗದ ಎದುರು ಗಾಳಿಯಲ್ಲಿ 14,000 ಕಿ.ಮೀ.ಗೆ ಹದಿನೇಳೂವರೆ ಗಂಟೆ ಬೇಕು. ಸಮಯದ ಜೊತೆಗೆ ಇಂಧನವೂ ಉಳಿಯುವುದರಿಂದ ದಾರಿ ಆರಿಸುವವರು ಕಿಲೋಮೀಟರಿಗಿಂತ ಗಾಳಿಯ ನಕ್ಷೆಯನ್ನೇ ಹೆಚ್ಚು ನಂಬುತ್ತಾರೆ.

ಓದಲು ಹೋದ ಮಕ್ಕಳನ್ನು ಕಾಯುವ ತಂದೆ ತಾಯಿ ಇನ್ನೊಂದು ಲೆಕ್ಕವನ್ನೂ ಕಲಿಯಬೇಕು. ಸ್ಯಾನ್‌ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಗಡಿಯಾರವನ್ನು ಮುಂದಿಡುವ ಮಾರ್ಚ್‌ನಿಂದ ನವೆಂಬರ್‌ವರೆಗಿನ ಅವಧಿಯಲ್ಲಿ ಹನ್ನೆರಡೂವರೆ ಗಂಟೆ. ಜನವರಿಯ ಶನಿವಾರ ರಾತ್ರಿ 8.30ಕ್ಕೆ ಮಗಳು ಅಲ್ಲಿ ವಿಮಾನ ಹತ್ತಿದಳೆನ್ನಿ. ಆಗ ಇಲ್ಲಿ ಭಾನುವಾರ ಬೆಳಗಿನ 10 ಗಂಟೆ. ಅದಕ್ಕೆ 17 ಗಂಟೆ ಕೂಡಿಸಿದರೆ ಸೋಮವಾರ ಬೆಳಗಿನ ಜಾವ 3. ಶನಿವಾರ ಹೊರಟವಳು ಭಾನುವಾರ ಬಂದಾಳೆಂದು ವಿಮಾನ ನಿಲ್ದಾಣಕ್ಕೆ ಹೋದವರು ಬಾಗಿಲಲ್ಲೇ ಒಂದು ದಿನ ಕಾದು, ಸುಮ್ಮನೆ ಗಾಬರಿಪಡಬೇಕಾಗುತ್ತದೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಇದೊಂದನ್ನು ನೆನಪಿಟ್ಟರೆ ಸಾಕು.