ದನ ಕಾಯುವ ಸಂತ, ರೋಮಿನ ಒಡೆದ ಕಲ್ಲು

ಈ ಸಲ ನಮ್ಮ ನಾಡಿನ ಶಾಸನ ಬಿಟ್ಟು ಸ್ವಲ್ಪ ದೂರ ಹೋಗೋಣ. ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ ಬ್ರಿಟನಿ ಅಂತ ಸೀಮೆ. ಅಲ್ಲಿ ಕಡಲ ಹತ್ತಿರ ಕಾರ್ನಾಕ್ ಎಂಬ ಊರಿದೆ (ಈಜಿಪ್ಟಿನದು ಬೇರೆ). ಊರಾಚೆ ಸುಮಾರು 3,000 ನಿಲುಗಲ್ಲುಗಳು ಸಾಲುಸಾಲಾಗಿ ನಿಂತಿವೆ. ಸುಮಾರು 6 ಸಾವಿರ ವರ್ಷ ಹಳೆಯವು, ಬರಹ ಇಲ್ಲ.

ಊರಿನ ಚರ್ಚು ಸಂತ ಕೊರ್ನೇಲಿಯದು. ದನಕರುಗಳ ರಕ್ಷಕ, ಚರ್ಚಿನ ಮುಂಭಾಗದಲ್ಲೇ ಎರಡು ಎತ್ತುಗಳ ನಡುವೆ ನಿಂತಿದ್ದಾನೆ. ಹಬ್ಬ ಸೆಪ್ಟೆಂಬರ್‌ನಲ್ಲಿ. ಹಿಂದೆಲ್ಲ ಸುತ್ತಲಿನ ರೈತರು ದನ ಹೊಡೆದುಕೊಂಡು ಬಂದು, ಚರ್ಚು ಸುತ್ತಿಸಿ, ಸಂತನ ಬುಗ್ಗೆಯ ನೀರು ಕುಡಿಸಿ, ಪಾದ್ರಿಯಿಂದ ಆಶೀರ್ವಾದ ಮಾಡಿಸಿ ಹೋಗುತ್ತಿದ್ದರು. ಸಂಕ್ರಾಂತಿಗೆ ಕಿಚ್ಚು ಹಾಯಿಸುವವರಿಗೆ ಇದನ್ನ ವಿವರಿಸೋದು ಬೇಡ.

ಕಥೆ ಹೀಗಿದೆ: ರೋಮಿನ ಸೈನಿಕರು ಪೋಪ್ ಕೊರ್ನೇಲಿಯನ್ನು ಅಟ್ಟಿಸಿಕೊಂಡು ಬಂದರು. ಸಾಮಾನು ಹೊರಲು ಜೊತೆಗೆ ಎರಡು ಎತ್ತು. ಮುಂದೆ ಕಡಲು, ಹಿಂದೆ ಸೈನ್ಯ. ಸಂತ ತಿರುಗಿ ನಿಂತು ಸೈನಿಕರನ್ನೆಲ್ಲ ಕಲ್ಲಾಗಿಸಿದ. ಅವೇ ಆ ಸಾಲುಗಲ್ಲುಗಳು!

ಚರಿತ್ರೆಯ ಕೊರ್ನೇಲಿಯುಸ್ ಕ್ರಿ.ಶ. 251ರಿಂದ 253ರವರೆಗೆ ರೋಮಿನ ಪೋಪ್. ಸತ್ತದ್ದು ಇಟಲಿಯಲ್ಲೇ, ಗಡೀಪಾರಾಗಿ. ಇದಕ್ಕೊಂದು ಸೊಗಸಾದ ಶಾಸನ ಸಾಕ್ಷಿಯಿದೆ. 1849ರಲ್ಲಿ ಜೊವಾನ್ನಿ ಬತ್ತಿಸ್ತ ದೆ ರೊಸ್ಸಿ ಎಂಬ ವಿದ್ವಾಂಸರಿಗೆ ರೋಮಿನ ಹೊರವಲಯದ ದ್ರಾಕ್ಷಿತೋಟದಲ್ಲಿ ಅಮೃತಶಿಲೆಯ ತುಂಡೊಂದು ಸಿಕ್ಕಿತು. ಮೇಲೆ ‘...ನೇಲಿಯುಸ್ ಮಾರ್ತಿರ್’ ಅಂತಷ್ಟೇ. ಮಾರ್ತಿರ್ ಅಂದರೆ ಹುತಾತ್ಮ. ಮೊದಲ ಅಕ್ಷರಗಳು ‘ಕೊರ್’ ಇರಬೇಕು, ಸಮಾಧಿ ಈ ನೆಲದ ಕೆಳಗೇ ಇರಬೇಕು ಎಂದು ಊಹಿಸಿ, ಆಗಿನ ಪೋಪ್ 9ನೇ ಪಿಯುಸ್ ಅವರಿಂದ ತೋಟ ಕೊಳ್ಳುವಂತೆ ಮಾಡಿದರು. 1852ರಲ್ಲಿ ನೆಲದಡಿಯ ಸಮಾಧಿಯಲ್ಲಿ ಉಳಿದ ತುಂಡು ಸಿಕ್ಕಿತು. ‘ಕೊರ್’ ಇತ್ತು! ಜೊತೆಗೆ ಬಿಷಪ್ ಎಂಬುದರ ಸಂಕ್ಷೇಪ ‘ಎಪ್’. ಅದೇ ನೆಲಮಾಳಿಗೆಯ 3ನೇ ಶತಮಾನದ ಬೇರೆ ಪೋಪರ ಸಮಾಧಿಬರಹ ಗ್ರೀಕಿನಲ್ಲಿದ್ದರೆ ಇದು ಲ್ಯಾಟಿನ್‌ನಲ್ಲಿದೆ. ಅಕ್ಷರ ಒಡೆದ ಕಲ್ಲಿನ ಮುಂದೆ ಕೂತು ತಲೆ ಕೆಡಿಸಿಕೊಂಡವರಿಗೆ ಆ ಮೂರು ವರ್ಷ ಹೇಗಿತ್ತೆಂದು ಗೊತ್ತು.

ಹಾಗಾದರೆ ಇವನಿಗೆ ದನಗಳ ನಂಟು ಎಲ್ಲಿಂದ? ಹೆಸರಿನಿಂದ. ಲ್ಯಾಟಿನ್‌ನಲ್ಲಿ ಕೊರ್ನು, ಬ್ರಿಟನಿಯ ಭಾಷೆಯಲ್ಲಿ ಕೊರ್ನ್ ಅಂದರೆ ಕೊಂಬು. ಜರ್ಮನಿಯ ರೈನ್ ಸೀಮೆಯಲ್ಲೂ ಇವನೇ ಕೊಂಬಿನ ಪ್ರಾಣಿಗಳ ಸಂತ. ನಗಬೇಡಿ. ಬೇಗೂರಿನಲ್ಲಿ ಸುಮಾರು 890ರ ಶಾಸನದಲ್ಲೇ ‘ಬೆಂಗಳೂರು’ ಇದ್ದರೂ, ಅದಕ್ಕೆ ಮೂರು ಶತಮಾನ ಈಚಿನ ವೀರಬಲ್ಲಾಳನಿಗೆ ಬೆಂದಕಾಳು ತಿನ್ನಿಸಿ ಊರಿಗೆ ಹೆಸರಿಟ್ಟವರು ನಾವು.

ಆದರೆ ‘ಬರೀ ಕಟ್ಟುಕಥೆ’ ಅಂದು ಮುಗಿಸೋಕೆ ನನಗೀಗ ಧೈರ್ಯ ಇಲ್ಲ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ದನಗಳ ದೇವರೆಂದು ಎಣ್ಣೆ ಹಚ್ಚಿ ಪೂಜಿಸುವ ಕಲ್ಲು ಓದಿದೆ. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವನ ವೀರಗಲ್ಲು. “ಇದು ದೇವರಲ್ಲ ಯಜಮಾನ್ರೇ, ವೀರಗಲ್ಲು” ಅಂದೆ, ಜಂಬದಿಂದಲೇ. ಅವರು ಹೇಳಿದ್ದು: “ದನ ಬಿಡಿಸಕ್ಕೋಗಿ ಸತ್ತೋನು ಅಂತ ನೀನೇ ಓದ್ದೆ ಕಣಪ್ಪಾ. ಮತ್ತೆ ದನಕ್ಕೆ ಕಾಯಿಲೆ ಬಂದ್ರೆ ಅವನ ತಾವ ಹೋಗ್ದೆ ಇನ್ಯಾರ ತಾವ ಹೋಗಾನ?”

ನನ್ನ ಟಿಪ್ಪಣಿಯಲ್ಲಿ ಶಾಸನದ ಪಾಠ, ಕಲ್ಲಿನ ಅಳತೆ ಎಲ್ಲ ಇದೆ. ಊರವರು ಕರೆಯುವ ಹೆಸರು, ಪೂಜೆಯ ದಿನ ಬರೆದುಕೊಂಡಿಲ್ಲ. ಇನ್ನೊಮ್ಮೆ ಹೋಗಬೇಕು.