ಮಾರಾಟಕ್ಕೆ ಬಂದ ಹಳೆಯ ಟೂರಿಂಗ್ ಕಾರು

ಮಲೆನಾಡಿನ ಒಂದು ಹಳೆಯ ಮನೆಯ ಕೊಟ್ಟಿಗೆಯಲ್ಲಿ ಬಹುಕಾಲದಿಂದ ನಿಂತಿರುವ ಮೋಟಾರು ಕಾರನ್ನು ಮಾರಲು ಮನೆಯವರು ನಿಶ್ಚಯಿಸಿದರೆಂದು ಭಾವಿಸೋಣ. ಅದನ್ನು ನೋಡಲು ಇಬ್ಬರು ಬರುತ್ತಾರೆ. ಮೊದಲನೆಯವನು ಭದ್ರಾವತಿಯ ಗುಜರಿ ವ್ಯಾಪಾರಿ. ಅವನು ಕಾರಿನ ಸುತ್ತ ಒಮ್ಮೆ ನಡೆದು, ಕಬ್ಬಿಣವೆಷ್ಟು, ಹಿತ್ತಾಳೆಯೆಷ್ಟು ಎಂದು ಅಂದಾಜುಮಾಡಿ, ತೂಕದ ಮೇಲೆ ಬೆಲೆ ಹೇಳುತ್ತಾನೆ. ಎರಡನೆಯವರು ಹಳೆಯ ವಾಹನಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವರು. ಅವರು ದೀಪ ಹಿಡಿದು ಕಾರಿನ ಕೆಳಗೆ ತೂರಿ, ಧೂಳನ್ನೊರಸಿ, ಒಂದು ಸಣ್ಣ ತಗಡಿನ ಮೇಲಿನ ಅಂಕಿಗಳನ್ನು ಬರೆದುಕೊಂಡು, ಮೊದಲನೆಯವನು ಹೇಳಿದ್ದಕ್ಕಿಂತ ಎಷ್ಟೋ ಮಡಿ ಹೆಚ್ಚಿನ ಬೆಲೆ ಹೇಳುತ್ತಾರೆ. ವಸ್ತು ಒಂದು, ಬೆಲೆ ಎರಡು. ಈ ವ್ಯತ್ಯಾಸವು ಎಲ್ಲಿಂದ ಬಂದಿತೆಂಬುದನ್ನು ಈ ದಿನ ನಾವು ವಿಚಾರಮಾಡೋಣ.

ಟೂರಿಂಗ್ ಕಾರೆಂದರೆ ಏನು? ಐದರಿಂದ ಏಳು ಮಂದಿ ಕುಳಿತು ದೂರ ಪ್ರಯಾಣ ಮಾಡಲು ಅನುಕೂಲವಾದ, ಮೇಲ್ಭಾಗವು ತೆರೆದಿರುವ ಕಾರು. ಅದಕ್ಕೆ ಗಾಜಿನ ಕಿಟಕಿಗಳಿಲ್ಲ. ಬಿಸಿಲು ಮಳೆಗಳಿಗೆ ಹಿಂದಿನಿಂದ ಮುಂದಕ್ಕೆ ಎಳೆದು ಬಿಗಿಯುವ ಬಟ್ಟೆಯ ಹುಡ್ಡೂ, ಪಕ್ಕಗಳಿಗೆ ಗುಂಡಿಹಾಕಿ ಕಟ್ಟುವ ಪರದೆಗಳೂ ಇರುತ್ತವೆ. ಮೋಟಾರು ಯುಗದ ಮೊದಲ ಇಪ್ಪತ್ತೈದು ವರ್ಷಗಳಲ್ಲಿ ಇದೇ ಸಾಮಾನ್ಯವಾದ ಮಾದರಿಯಾಗಿತ್ತು. ೧೯೨೦ರ ದಶಕದ ಕೊನೆಯ ವೇಳೆಗೆ ಮುಚ್ಚಿದ ಕಾರುಗಳು ಅಗ್ಗವಾಗಿ ತಯಾರಾಗತೊಡಗಿದುದರಿಂದ ಟೂರಿಂಗ್ ಕಾರಿನ ಬಳಕೆ ಬೇಗನೆ ಇಳಿಯಿತು. ಇಂದು ಅದು ಅಪರೂಪವಾಗಿರುವುದಕ್ಕೆ ಇದೊಂದು ಕಾರಣ.

ಆ ಕಾಲದ ಐಷಾರಾಮದ ಕಾರುಗಳ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಇಡೀ ಕಾರು ಒಂದೇ ಕಾರ್ಖಾನೆಯಲ್ಲಿ ಸಿದ್ಧವಾಗುತ್ತಿರಲಿಲ್ಲ. ರೋಲ್ಸ್-ರಾಯ್ಸ್ ಕಂಪೆನಿಯವರು ೧೯೦೬ರಿಂದ ೧೯೨೬ರವರೆಗೆ ತಯಾರಿಸಿದ, ಸಿಲ್ವರ್ ಘೋಸ್ಟ್ ಎಂದು ಹೆಸರಾದ ೪೦/೫೦ ಅಶ್ವಶಕ್ತಿಯ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕಂಪೆನಿಯವರು ಮಾರುತ್ತಿದ್ದುದು ಆರು ಸಿಲಿಂಡರುಗಳ ಇಂಜಿನು, ಚಕ್ರಗಳು ಮತ್ತು ಇವುಗಳನ್ನು ಹೊರುವ ಉಕ್ಕಿನ ಚೌಕಟ್ಟು, ಎಂದರೆ ಷಾಸಿ. ಕೊಂಡವರು ಅದನ್ನು ಲಂಡನ್ನಿನ ಬಾರ್ಕರ್, ಹೂಪರ್ ಮುಂತಾದ ಸಾರೋಟು ಕಟ್ಟುವವರಿಗೆ ಒಪ್ಪಿಸಿ, ತಮ್ಮ ಅಭಿರುಚಿಗೆ ತಕ್ಕಂತೆ ಬಾಡಿಯನ್ನು ಕಟ್ಟಿಸಿಕೊಳ್ಳುತ್ತಿದ್ದರು. ಮರದ ಹಂದರದ ಮೇಲೆ ಲೋಹದ ತಗಡನ್ನು ಹೊದಿಸಿ ಕೈಯಿಂದ ಮಾಡಿದ ಕೆಲಸವದು. ಆದಕಾರಣ ಒಂದೇ ವರ್ಷದ ಎರಡು ಕಾರುಗಳು ಪರಸ್ಪರ ಹೋಲದಿರಬಹುದು. ಮೈಸೂರು ಅರಮನೆಯಲ್ಲಿಯೂ ರೋಲ್ಸ್-ರಾಯ್ಸ್ ಕಾರುಗಳಿದ್ದವು; ಕಾಲಾನಂತರದಲ್ಲಿ ಅವುಗಳಲ್ಲಿ ಹಲವು ಸಂಗ್ರಾಹಕರ ಕೈಸೇರಿದವು.

ಇನ್ನು ನಮ್ಮ ಸೀಮೆಗೆ ಬರೋಣ. ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದುದು ೧೮೯೯ರಲ್ಲಿ. ಮುಂದೆ ಬಹುಕಾಲ ರೈಲಿನ ಕೊನೆಯ ನಿಲ್ದಾಣವು ಶಿವಮೊಗ್ಗೆಯೇ ಆಗಿತ್ತು. ಜೋಗದ ಜಲಪಾತವನ್ನು ನೋಡಹೋಗುವವರು ಅಲ್ಲಿಂದ ಸುಮಾರು ನೂರು ಕಿಲೋಮೀಟರುಗಳನ್ನು ರಸ್ತೆಯಲ್ಲಿಯೇ ಕ್ರಮಿಸಬೇಕಾಗಿತ್ತು. ಅತ್ತ, ಹಿಂದೆ ಬೆಂಕೀಪುರವೆನಿಸಿಕೊಂಡಿದ್ದ ಭದ್ರಾವತಿಯಲ್ಲಿ ೧೯೨೩ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಕಾಡಿನ ಸೌದೆಯಿಂದ ಇದ್ದಿಲು, ಆ ಇದ್ದಿಲಿನಿಂದ ಬೀಡುಕಬ್ಬಿಣ ಎಂಬುದು ಅಲ್ಲಿಯ ಕ್ರಮ. ಅಧಿಕಾರಿಗಳೂ, ಅಡಕೆಯ ತೋಟದ ಸಾಹುಕಾರರೂ, ಗುತ್ತಿಗೆದಾರರೂ ಓಡಾಡುವ ಇಂಥ ನಾಡಿನಲ್ಲಿ ಗಟ್ಟಿಯಾದ ತೆರೆದ ಕಾರಿಗೆ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಕೆಂಪು ಮಣ್ಣಿನ ರಸ್ತೆ, ಘಟ್ಟದ ಏರು, ನಾಲ್ಕು ತಿಂಗಳ ಮಳೆ ಇವು ಕಾರಿನ ಆಯುಸ್ಸನ್ನು ತಿನ್ನುತ್ತಿದ್ದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ನು ಬಂದಿತು. ಆಗ ನಮ್ಮ ದೇಶದ ಬಸ್ಸುಗಳಿಗೂ ಅನೇಕ ಕಾರುಗಳಿಗೂ ಇದ್ದಿಲಿನ ಒಲೆಯನ್ನು ಜೋಡಿಸಿದರು. ಸಾಲದಷ್ಟು ಗಾಳಿಯಲ್ಲಿ ಇದ್ದಿಲನ್ನು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಅದನ್ನು ಸೋಸಿ ಇಂಜಿನಿಗೆ ಕೊಡುವುದು ಇದರ ತಂತ್ರ. ಗಾಡಿ ಓಡುತ್ತಿತ್ತು, ಆದರೆ ಶಕ್ತಿ ಬಹಳ ಕುಗ್ಗುತ್ತಿತ್ತು. ಸರಿಯಾಗಿ ಸೋಸದಿದ್ದರೆ ಬೂದಿಯ ಕಣಗಳು ಒಳಹೊಕ್ಕು ಸಿಲಿಂಡರುಗಳನ್ನು ಸವೆಯಿಸುತ್ತಿದ್ದವು. ಇಂದು ಹಳೆಯ ಕಾರಿನ ಷಾಸಿಯ ಹಿಂಭಾಗದಲ್ಲಿ ಕಾರಣ ತಿಳಿಯದ ಕೆಲವು ತೂತುಗಳು ಕಂಡರೆ, ಅಲ್ಲಿ ಒಂದು ಕಾಲದಲ್ಲಿ ಇದ್ದಿಲಿನ ಒಲೆ ತೂಗಿದ್ದಿರಬಹುದು. ಗುಜರಿಯವನಿಗೆ ಅವು ಬರಿಯ ತೂತು. ಬಲ್ಲವನಿಗೆ ಅವು ಯುದ್ಧಕಾಲದ ಒಂದು ದಾಖಲೆ. ಅವುಗಳನ್ನು ಬೆಸೆದು ಮುಚ್ಚಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಹಳೆಯದೆಲ್ಲವೂ ‘ವಿಂಟೇಜ್’ ಆಗುವುದಿಲ್ಲ. ೧೯೩೪ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ಬಿನವರು ೧೯೩೦ನೆಯ ವರ್ಷದ ಕೊನೆಯನ್ನು ಈ ಹೆಸರಿಗೆ ಎಲ್ಲೆಯಾಗಿ ಇಟ್ಟುಕೊಂಡರು. ನಮ್ಮ ದೇಶದ ಕಾಯಿದೆಯ ಅಳತೆ ಬೇರೆ. ೨೦೨೧ರಲ್ಲಿ ಭಾರತ ಸರ್ಕಾರವು ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷಗಳು ಕಳೆದಿರುವ ಸ್ವಂತ ಬಳಕೆಯ ವಾಹನವು ವಿಂಟೇಜ್ ಆಗಬಹುದು. ಆದರೆ ಷಾಸಿ, ಬಾಡಿ, ಇಂಜಿನುಗಳು ಗಣನೀಯವಾಗಿ ಮಾರ್ಪಟ್ಟಿರಕೂಡದು. ಹೊಸದಾಗಿ ನೋಂದಾಯಿಸಲು ಆ ನಿಯಮಗಳು ಗೊತ್ತುಮಾಡಿದ ಶುಲ್ಕ ೨೦,೦೦೦ ರೂಪಾಯಿ, ಅವಧಿ ಹತ್ತು ವರ್ಷ. ಹಳೆಯ ನಂಬರಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದ ಕಾರಣಗಳಿಗೆ ಹೊರತು ದಿನನಿತ್ಯದ ಸಂಚಾರಕ್ಕೆ ಇಂಥ ವಾಹನವನ್ನು ರಸ್ತೆಗೆ ತರುವಂತಿಲ್ಲ. ಮಾರಾಟವಾದರೆ ೯೦ ದಿನಗಳೊಳಗೆ ಸಾರಿಗೆ ಅಧಿಕಾರಿಗಳಿಗೆ ತಿಳಿಸಬೇಕು.

ಕೊಳ್ಳುವವರು ಏನನ್ನು ನೋಡಬೇಕು? ಮೊದಲನೆಯದು ಅಂಕಿಗಳು. ಷಾಸಿಯ ನಂಬರು, ಇಂಜಿನಿನ ನಂಬರು, ನೋಂದಣಿಯ ಪುಸ್ತಕ ಈ ಮೂರೂ ಒಂದೇ ಕಥೆಯನ್ನು ಹೇಳಬೇಕು. ಎರಡನೆಯದು ಮರ. ಇಂಗ್ಲೆಂಡಿನಲ್ಲಿ ಬಾಡಿಯ ಹಂದರಕ್ಕೆ ಬಳಸುತ್ತಿದ್ದ ಆಷ್ ಎಂಬ ಮರವು ಮಲೆನಾಡಿನ ತೇವಕ್ಕೂ ಗೆದ್ದಲಿಗೂ ಬೇಗ ಸೋಲುತ್ತದೆ. ಮೇಲಿನ ತಗಡು ಚೆನ್ನಾಗಿದ್ದರೂ ಒಳಗಿನ ಹಂದರ ಪುಡಿಯಾಗಿರಬಹುದು. ಬಾಗಿಲನ್ನು ತೆರೆದಾಗ ಅದು ಕೆಳಕ್ಕೆ ಜಗ್ಗುತ್ತದೆಯೇ ಎಂದು ನೋಡಿದರೆ ಸಾಕು, ಗುಟ್ಟು ಹೊರಬೀಳುತ್ತದೆ. ಮೂರನೆಯದು ಸಿಲಿಂಡರುಗಳ ಎರಕ. ನೀರು ಬತ್ತಿ ಕಾದ ಇಂಜಿನಿಗೆ ಅವಸರದಿಂದ ತಣ್ಣೀರು ಹೊಯ್ದರೆ ಎರಕವು ಬಿರುಕುಬಿಡುತ್ತದೆ. ನಾಲ್ಕನೆಯದು ಬ್ರೇಕು. ೧೯೨೦ರ ದಶಕದ ಮಧ್ಯದವರೆಗೆ ಬಹುಪಾಲು ಕಾರುಗಳಿಗೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬ್ರೇಕು ಇರುತ್ತಿತ್ತು. ಘಟ್ಟವಿಳಿಯುವ ಆಸೆಯುಳ್ಳವರು ಇದನ್ನು ಮರೆಯಬಾರದು.

ದೋಷಗಳು ಕಂಡವೆಂದು ನಿರಾಶರಾಗಬೇಕಾಗಿಲ್ಲ. ಶಿವಮೊಗ್ಗ ಭದ್ರಾವತಿಗಳ ನಡುವೆ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಗಳಿವೆ. ಕಬ್ಬಿಣವನ್ನು ಹೊಯ್ಯುವ ವಿದ್ಯೆ ಈ ನೆಲದಲ್ಲಿ ಬೇರೂರಿದೆ. ಕೆಟ್ಟ ಭಾಗವೊಂದನ್ನು ಹೊಸದಾಗಿ ಹೊಯ್ಯಿಸಬೇಕಾದರೆ ಹಳೆಯದನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರಾಗದು. ಕರಗಿದ ಕಬ್ಬಿಣವು ಗಟ್ಟಿಯಾಗಿ ಆರುವಾಗ ನೂರಕ್ಕೆ ಸುಮಾರು ಒಂದು ಭಾಗದಷ್ಟು ಕುಗ್ಗುತ್ತದೆ. ಆದುದರಿಂದ ಮರದ ಮಾದರಿಯನ್ನು ಅಷ್ಟು ಹಿರಿದಾಗಿ ಮಾಡಬೇಕು. ಹೊರಮೈಯನ್ನು ಕೊರೆದು ನಯಮಾಡಲು ಬೇಕಾದ ದಪ್ಪವನ್ನೂ ಸೇರಿಸಬೇಕು. ಇದನ್ನರಿಯದೆ ಹೊಯ್ದ ಭಾಗವು ಎಂದಿಗೂ ಸರಿಯಾಗಿ ಕೂಡುವುದಿಲ್ಲ. ಅಂತೆಯೇ ಹಳೆಯ ಇಂಜಿನುಗಳ ಬೇರಿಂಗುಗಳಲ್ಲಿರುವುದು ತವರ ಮುಂತಾದ ಲೋಹಗಳನ್ನು ಬೆರೆಸಿದ ಬಿಳಿಲೋಹ. ಅದನ್ನು ಕರಗಿಸಿ ಹೊಯ್ದು, ಕೈಯಿಂದ ಕೆರೆದು ಹದಕ್ಕೆ ತರಬಲ್ಲ ಕುಶಲಿಗಳು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಒಂದು ಹಳೆಯ ಕಾರನ್ನು ಉಳಿಸಿದರೆ ಅಂಥ ಒಬ್ಬನ ಕೈಗೆ ಕೆಲಸವೂ, ಅವನ ಶಿಷ್ಯನಿಗೆ ಪಾಠವೂ ದೊರೆಯುತ್ತವೆ.

ಇಲ್ಲಿ ಒಂದು ಧರ್ಮಸೂಕ್ಷ್ಮವುಂಟು. ಹೊಸ ಭಾಗವನ್ನು ಹಾಕಿಸಿದವನು ಅದರ ಒಳಮಗ್ಗುಲಲ್ಲಿ ವರ್ಷವನ್ನು ಕೆತ್ತಿಸಬೇಕು. ತೆಗೆದ ಹಳೆಯ ಭಾಗವನ್ನು ಎಸೆಯದೆ ಕಾರಿನೊಡನೆ ಇಟ್ಟಿರಬೇಕು. ಮಾರುವಾಗ ಎರಡನ್ನೂ ತೋರಿಸಬೇಕು. ಹಳೆಯದರಂತೆ ಕಾಣುವ ಹೊಸದನ್ನು ಹಳೆಯದೆಂದೇ ಹೇಳಿ ಮಾರಿದರೆ, ಕೊಂಡವನೊಬ್ಬನೇ ಅಲ್ಲ, ಮುಂದೆ ಆ ಕಾರನ್ನು ನೋಡಿ ಕಲಿಯಬಯಸುವವರೆಲ್ಲರೂ ಮೋಸಹೋಗುತ್ತಾರೆ. ಬಣ್ಣದ ವಿಷಯದಲ್ಲಿಯೂ ಹಾಗೆಯೇ. ಮಾರಾಟಕ್ಕೆ ಮುನ್ನ ಕಾರು ಅಂದವಾಗಲೆಂದು ಮೂಲದ ಬಣ್ಣವನ್ನು ಕೆರೆದು ಹಾಕುವವರಿದ್ದಾರೆ. ಮಾಸಿದ ಬಣ್ಣಕ್ಕೆ ಮತ್ತೆ ಹೊಳಪು ಕೊಡಬಹುದು. ಕೆರೆದುಹೋದದ್ದು ಮರಳಿ ಬಾರದು.

ನಮ್ಮ ದೇಶದಲ್ಲಿಯೇ ಮೋಟಾರು ಕಾರುಗಳು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಯೋಜನೆಯನ್ನು ರಚಿಸಿ, ಅದಕ್ಕಾಗಿ ೧೯೩೫ರಲ್ಲಿ ಯೂರೋಪು ಅಮೆರಿಕಗಳಲ್ಲಿ ಸಂಚರಿಸಿದ್ದರು. ಆ ಯೋಜನೆ ಇಲ್ಲಿ ಕೈಗೂಡಲಿಲ್ಲ. ಅವರ ಶ್ರಮದಿಂದ ನಿಂತ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು ೨೦೨೩ರ ಜನವರಿಯಲ್ಲಿ ಪ್ರಕಟವಾದಾಗ ಊರಿನವರು ಬಲವಾಗಿ ವಿರೋಧಿಸಿದರು. ಹಳೆಯ ಯಂತ್ರವೊಂದರ ಬೆಲೆ ಅದರ ತೂಕದಷ್ಟೇ ಅಲ್ಲವೆಂಬುದನ್ನು ಆ ಊರಿಗೆ ಯಾರೂ ಬೋಧಿಸಬೇಕಾಗಿಲ್ಲ.

ಹಳೆಯ ಕಾರುಗಳನ್ನು ಜನರ ಕಣ್ಣಿಗೆ ಬೀಳುವಂತೆ ಕಾಪಾಡುವ ಕೆಲಸವು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಂಥ ಕಡೆಗಳಲ್ಲಿ ನಡೆದಿದೆ. ಅಂಥ ಸಂಗ್ರಹಕ್ಕಾಗಲಿ, ಬಲ್ಲ ಹವ್ಯಾಸಿಗಾಗಲಿ ಕೊಡುವುದರಿಂದ ಮನೆಗೆ ಹಣವೂ ಬರುತ್ತದೆ, ಕಾರೂ ಉಳಿಯುತ್ತದೆ. ಆದರೆ ಕೊಡುವ ಮುನ್ನ ಮನೆಯವರು ಮಾಡಬೇಕಾದ ಕೆಲಸವೊಂದಿದೆ. ಕಾರನ್ನು ತಂದವರಾರು, ಅದು ಯಾವ ಯಾವ ದಾರಿಗಳಲ್ಲಿ ಓಡಿತು, ಯಾವ ವರ್ಷ ನಿಂತಿತು ಎಂಬುದನ್ನು ಹಿರಿಯರಿಂದ ಕೇಳಿ, ಒಂದು ಹಾಳೆಯಲ್ಲಿ ಬರೆದು, ಹಳೆಯ ಭಾವಚಿತ್ರಗಳೊಡನೆ ಕಾರಿನ ಜೊತೆಯಲ್ಲಿ ಕಳುಹಿಸಬೇಕು. ಮೊದಲು ಹೇಳಿದ ಇಬ್ಬರು ಗಿರಾಕಿಗಳ ಬೆಲೆಗಳ ನಡುವಣ ಅಂತರವು ಬಹುಮಟ್ಟಿಗೆ ಆ ಒಂದು ಹಾಳೆಯಲ್ಲಿಯೇ ಅಡಗಿದೆ. ಹಿರಿಯರು ಇರುವಾಗಲೇ ಅದನ್ನು ಬರೆದಿಡಬೇಕೆಂದು ಹೇಳಿ, ಈ ಭಾಷಣವನ್ನು ಮುಗಿಸುತ್ತೇವೆ.